ವಿಚ್ಚಿನ ವ್ಯಾಜ್ಯ

ಒಂದು ಉದ್ದನೆಯ ಇಂಗ್ಲಿಷ್ ವಾಕ್ಯದಲ್ಲಿ ಹೂ, ವಿಚ್, ದಟ್‌ಗಳ ಪೈಕಿ ಯಾವುದು ಸರಿಯಾಗಿ ಕೂರುತ್ತದೆಂದು ಬಾಯಲ್ಲೇ ಹೇಳಿ ಹೇಳಿ ನೋಡುವ ಸುಖ ನನಗೆ ಬೇರಾವುದರಲ್ಲೂ ಇಲ್ಲ. ಆ ಸುಖಕ್ಕೆ ಈ ವಾರ ಕಲ್ಲು ಬಿತ್ತು. ನಾನು ಕಳಿಸಿದ್ದ ಲೇಖನ ತಿದ್ದುಪಡಿಯಾಗಿ ವಾಪಸು ಬಂದಿದೆ. ಇದ್ದಬದ್ದ ವಿಚ್‌ಗಳನ್ನೆಲ್ಲ ಎಬ್ಬಿಸಿ ಅಲ್ಲಿ ದಟ್ ಕೂರಿಸಿದ್ದಾರೆ. ಅಂಚಿನಲ್ಲಿ ಷರಾ: 'ಕಾಮಾ ಇಲ್ಲ, ಆದ್ದರಿಂದ ದಟ್.'

ಕಾಮಾದ ಮಹಿಮೆ ನನಗೆ ಗೊತ್ತಿಲ್ಲವೇ? 'ಮೈ ಬ್ರದರ್ ಹೂ ಲಿವ್ಸ್ ಇನ್ ಮೈಸೂರು' ಎಂದು ಒಂದೇ ಉಸಿರಿಗೆ ಬರೆದರೆ ಬೇರೆ ಊರುಗಳಲ್ಲೂ ನನಗೆ ಅಣ್ಣತಮ್ಮಂದಿರಿದ್ದಾರೆ ಎಂದಾಯಿತು. ಬ್ರದರ್ ಆದಮೇಲೊಂದು, ಮೈಸೂರು ಆದಮೇಲೊಂದು ಕಾಮಾ ಹಾಕಿದರೆ ಇರುವವನು ಒಬ್ಬನೇ. ಉಯಿಲು ಬರೆಯುವವರು ಹುಷಾರಾಗಿರಬೇಕು. ಇಷ್ಟೆಲ್ಲ ಕೆಲಸವನ್ನು ಕಾಮಾವೇ ಮಾಡಿ ಮುಗಿಸುವಾಗ, ಅದನ್ನೇ ಇನ್ನೊಮ್ಮೆ ಮಾಡಲು ದಟ್ ಯಾಕೆ? 'ಇನ್ ವಿಚ್' ಇರುವಲ್ಲಿ 'ಇನ್ ದಟ್' ಹಾಕಲು ಇವರಿಂದಲೂ ಆಗುವುದಿಲ್ಲ. ಪಕ್ಕದಲ್ಲೇ ಇನ್ನೊಂದು ದಟ್ ಇದ್ದು ವಾಕ್ಯ ತೊದಲತೊಡಗಿದರೆ ನಾನಂತೂ ವಿಚ್ಚನ್ನೇ ಕರೆಯುತ್ತೇನೆ. ಇಲ್ಲಿ ಕಿವಿಯ ತೀರ್ಮಾನವೇ ಕೊನೆ.

ಕಾಮಾ ಇದ್ದರೆ ವಿಚ್, ಇಲ್ಲದಿದ್ದರೆ ದಟ್ ಎಂಬ ಈ ಹಂಚಿಕೆಯನ್ನು 1926ರಲ್ಲಿ ಇಂಗ್ಲಿಷ್ ಬಳಕೆಯ ಪಂಡಿತ ಎಚ್. ಡಬ್ಲ್ಯು. ಫೌಲರ್ ಸಲಹೆಯಾಗಿ ಮುಂದಿಟ್ಟರು. ಹೆಚ್ಚಿನವರಾಗಲಿ ಒಳ್ಳೆಯ ಲೇಖಕರಾಗಲಿ ಹಾಗೆ ಬರೆಯುವುದಿಲ್ಲವೆಂದು ಅವರೇ ಒಪ್ಪಿಕೊಂಡಿದ್ದರು. ಸಲಹೆ ಕೊಟ್ಟವರಿಗೆ ಇಲ್ಲದ ಹಠ ಅದನ್ನು ಉರು ಹೊಡೆದವರಿಗೆ! ಪರ್ಲ್ ಹಾರ್ಬರ್ ದಾಳಿಯ ಮಾರನೆಯ ದಿನ, 1941ರ ಡಿಸೆಂಬರ್ 8ರಂದು, ರೂಸ್‌ವೆಲ್ಟ್ ಮಾಡಿದ ಭಾಷಣದ ಆ ಪ್ರಸಿದ್ಧ ಮೊದಲ ವಾಕ್ಯದಲ್ಲಿ 'ಡೇಟ್' ಬೆನ್ನಿಗೇ ಬರುವುದು 'ವಿಚ್'. ನಡುವೆ ಕಾಮಾ ಇಲ್ಲ. ಅದನ್ನೂ ತಿದ್ದುತ್ತೀರಾ ಸ್ವಾಮಿ?

ಈ ಜಗಳ ಹಳೆಯದು, ಆದರೆ ಆಗ ಅಟ್ಟಿಸಿಕೊಂಡವನೇ ಬೇರೆ. 1711ರಲ್ಲಿ ರಿಚರ್ಡ್ ಸ್ಟೀಲ್ 'ಸ್ಪೆಕ್ಟೇಟರ್' ಪತ್ರಿಕೆಯಲ್ಲಿ ಹೂ ಮತ್ತು ವಿಚ್ ಪರವಾಗಿ ಒಂದು ಅರ್ಜಿ ಬರೆದ: ನಿನ್ನೆ ಮೊನ್ನೆ ಬಂದ ದಟ್ ನಮ್ಮ ಜಾಗ ಕಬಳಿಸುತ್ತಿದ್ದಾನೆ, ಕಾಪಾಡಿ ಎಂದು. ಅಸಲಿಗೆ ಇಂಗ್ಲಿಷ್‌ನಲ್ಲಿ ಆ ಕೆಲಸಕ್ಕೆ ಮೊದಲು ಸೇರಿದವನು ದಟ್. ಅರ್ಜಿದಾರರೇ ಆಮೇಲೆ ಬಂದವರು. ಮುನ್ನೂರು ವರ್ಷ ಕಳೆದು ಈಗ ದಟ್ಟಿನ ಪರ ವಕಾಲತ್ತು ವಹಿಸಿದವರು ಎದ್ದಿದ್ದಾರೆ. ತಾನು ಬರೆಯುತ್ತಿರುವುದು ತಮಾಷೆಯೆಂದು ಸ್ಟೀಲನಿಗಾದರೂ ಗೊತ್ತಿತ್ತು.