ಮ್ಯೂನಿಕ್‌ನಲ್ಲೂ ನಮ್ಮೂರ ನೀರೇ!
ಮ್ಯೂನಿಕ್‌ಗೆ ಬಂದ ಹೊಸದರಲ್ಲಿ ವಾರಕ್ಕೊಮ್ಮೆ ಕಾಯಿನ್ ಲಾಂಡ್ರಿಗೆ ಹೋಗ್ತಿದ್ದೆ. ಒಗೆಯೋಕೆ 5 ಯೂರೋ, ಒಣಗಿಸೋಕೆ ಮತ್ತೆ 2. ರೂಮಲ್ಲೇ ಒಗೆಯೋಣ ಅಂದ್ರೆ ನೊರೆನೇ ಬರಲ್ಲ. ಕೆಟಲ್ ತಳದಲ್ಲಿ ಬಿಳಿ ಸುಣ್ಣ ಕಂಡಾಗ ಗೊತ್ತಾಯ್ತು, ಇದು ನಮ್ಮ ಶಹಾಬಾದ್ ನೀರೇ! ಸೇಡಂ, ವಾಡಿ, ಚಿತ್ತಾಪುರ ಕಡೆ ನೆಲದಡಿ ಬರೀ ಸುಣ್ಣದಕಲ್ಲು, ಬೋರ್ ನೀರು ಗಡಸು.

ಅವ್ವಗೆ ಫೋನ್ ಹಚ್ಚಿದೆ. "ವಾಷಿಂಗ್ ಸೋಡಾ ಹಾಕಿ ರಾತ್ರಿ ನೆನಿ ಇಡು. ಸಾಬೂನು ಅರ್ಧ ಸಾಕು." ಸೋಡಾ ಇಲ್ಲೂ ಅಗ್ಗ. (ಉಣ್ಣೆಗೆ ಮಾತ್ರ ಬೇಡ, ಒಂದು ಸ್ವೆಟರ್ ಕಳ್ಕೊಂಡು ಕಲಿತೆ.) ಈಗ ಚಾದರಗಳಷ್ಟೇ ಲಾಂಡ್ರಿಗೆ, ಅದೂ ತಿಂಗಳಿಗೊಮ್ಮೆ.

ವರ್ಷಕ್ಕೆ ಸುಮಾರು 280 ಯೂರೋ ಉಳೀತು. ಪರಸಿಕಲ್ಲಿನ ಮೇಲೆ ಅರಬಿ ಒಗೆದೂ ಒಗೆದೂ ಅವ್ವನ ಮೊಣಕಾಲು ಸೋತಿವೆ. ಅವಳಿಗೊಂದು ಮಷಿನ್ ಕೊಡಿಸಿದೆ. ಮೊನ್ನೆ ಅವಳದೇ ಫೋನ್: "ಇದರಾಗ ಸೋಡಾ ಎಷ್ಟ್ ಹಾಕ್ಲಿ?"