ಓಪಿನಿಕನ್ ಸರೋವರದ ನೀರುಗಿಡಗಳು

ಕೆನಡಾದ ಒಂಟಾರಿಯೊ ಪ್ರಾಂತದಲ್ಲಿ, 1832ರಲ್ಲಿ ಸಂಚಾರಕ್ಕೆ ತೆರೆದ ರಿಡೋ ಕಾಲುವೆಯ ಹಾದಿಯಲ್ಲಿ ಓಪಿನಿಕನ್ ಸರೋವರವಿದೆ. ಅದರ ಆಳ ಕಡಿಮೆ. ದಡದ ನೀರಿನಲ್ಲಿ ಗಿಡಗಳು ಹೇರಳ. ಬ್ಲೂಗಿಲ್ ಎಂಬ ಸನ್‌ಫಿಶ್ ಜಾತಿಯ ಮೀನಿನ ಬಾಳು ಇವೆರಡನ್ನೂ ನೆಚ್ಚಿದೆ. ಬೇಸಗೆಯ ಆರಂಭದಲ್ಲಿ ದಡದ ನೀರು ಬೆಚ್ಚಗಾದೊಡನೆ ಗಂಡುಮೀನುಗಳು ಬಾಲ ಬೀಸಿ, ತಳದಲ್ಲಿ ತಟ್ಟೆಯಂತಹ ಗೂಡುಗಳನ್ನು ಒತ್ತೊತ್ತಾಗಿ ರಚಿಸಿ ಮೊಟ್ಟೆಗಳನ್ನು ಕಾಯುತ್ತವೆ. ಎಳೆಯ ಮೀನುಗಳು ಬಾಸ್ ಮೀನಿಗೆ ತುತ್ತಾಗದಂತೆ ಗಿಡಗಳ ನಡುವೆ ಅಡಗುತ್ತವೆ. ಬೆಳೆದ ಬಳಿಕ ನಡುನೀರಿಗೆ ಬಂದು ತೇಲುವ ಸೂಕ್ಷ್ಮಪ್ರಾಣಿಗಳನ್ನು ತಿನ್ನುತ್ತವೆ.

ಇಂತಹ ಸರೋವರಗಳಲ್ಲಿ ಗಿಡಗಳೆಲ್ಲ ಅಳಿದರೆ ಮರಿಗಳಿಗೆ ಆಸರೆ ತಪ್ಪುತ್ತದೆ. ಅತಿಯಾಗಿ ಹಬ್ಬಿದರೆ ಬಾಸ್‌ಗೆ ಬೇಟೆ ದುರ್ಲಭವಾಗಿ, ಬ್ಲೂಗಿಲ್‌ಗಳು ಮಿತಿಮೀರಿ ಹೆಚ್ಚಿ, ಆಹಾರ ಸಾಲದೆ ಗಿಡ್ಡಾಗಿಯೇ ಉಳಿಯುತ್ತವೆ. ದೋಣಿಗೆ ದಾರಿ ಬಿಡಿಸುವವರು ಎಷ್ಟು ಕೀಳಬೇಕೆಂಬುದರೊಡನೆ ಎಷ್ಟು ಉಳಿಸಬೇಕೆಂಬುದನ್ನೂ ಅಳೆಯಬೇಕಾದುದು ಇದಕ್ಕಾಗಿಯೇ.