ಆನೆ ಕಾಸು, ಎರಡು ಅಚ್ಚು

ದಿಂಡಿಗಲ್ ಮಗ್ಗುಲಿನ ಬತ್ತಲಗುಂಡಿನ ಪಾತ್ರೆ ಅಂಗಡಿ. ಹಳೇ ತಾಮ್ರ ತೂಕಕ್ಕೆ ಕೊಳ್ಳುತ್ತಾರೆ. ತಕ್ಕಡಿ ಪಕ್ಕದ ಡಬ್ಬಿಯಲ್ಲಿ ಟಿಪ್ಪು ಕಾಲದ ಆನೆ ಕಾಸುಗಳು. ಅಂಗಡಿಯವರು ಕಪ್ಪಿಲಿಯ ಗೌಡರು, ಮನೆಮಾತು ಕನ್ನಡ. “ಎಲ್ಲಾ ಒಂದೇ ಆನೆ ತಾನೇ ಅಣ್ಣ, ಅದರಲ್ಲಿ ಏನ್ ಹುಡುಕ್ತೀರಿ?”

ಈ ಕಾಸು ಇಲ್ಲಿ ಸಿಕ್ಕಿದ್ದರಲ್ಲಿ ಆಶ್ಚರ್ಯವಿಲ್ಲ. 1755ರಲ್ಲಿ ದಿಂಡಿಗಲ್ಲಿನ ಫೌಜುದಾರನಾಗಿದ್ದವನು ಹೈದರ್. ಈ ಸೀಮೆ ಕಂಪನಿಯ ಪಾಲಾದದ್ದು 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ.

ಎರಡು ಕಾಸು ಆರಿಸಿಕೊಂಡೆ. ಎರಡೂ ‘ಪಟನ್’, ಅಂದರೆ ಶ್ರೀರಂಗಪಟ್ಟಣದ ಟಂಕಸಾಲೆಯವು. ಒಂದರಲ್ಲಿ ಬಾಲದ ತುದಿ ಹಿಂಗಾಲಿಗೆ ತಾಗಿದೆ, ಇನ್ನೊಂದರಲ್ಲಿ ನಡುವೆ ಜಾಗ ಬಿಟ್ಟಿದೆ. ಅಚ್ಚೇ ಬೇರೆಯೋ, ಕೈಯಿಂದ ಕೈಗೆ ತಿರುಗಿ ಸವೆದದ್ದೋ? ಸವಕಳಿ ಗೆರೆಯನ್ನು ಅಳಿಸಬಹುದು, ಪಕ್ಕಕ್ಕೆ ಸರಿಸಲಾರದು. ಇಲ್ಲಿ ಬಾಲ ಸರಿದಿದೆ. ಹಾಗಾದರೆ ಅಚ್ಚು ಬೇರೆ. ಆದರೆ ಸುತ್ತಿಗೆ ಏಟು ಜಾರಿ ಎರಡು ಸಲ ಬಿದ್ದರೂ ಗೆರೆ ಸರಿದಂತೆ ಕಾಣುತ್ತದೆ. ಅಂಚಿನ ಚುಕ್ಕಿಗಳೂ ಜೋಡಿಯಾಗಿವೆಯೇ ಎಂದು ನೋಡಬೇಕು. ನೋಡಿದೆ, ಒಂಟಿಯಾಗಿಯೇ ಇವೆ.

ಮೂರನೆಯ ಕಾಸಿನಲ್ಲಿ ಆನೆಯ ಮುಂಗಾಲಿನಿಂದ ಅಂಚಿನವರೆಗೆ ಒಂದು ಉಬ್ಬುಗೆರೆ. ಕಾಸಿನ ಮೇಲೆ ಗೀರು ಬಿದ್ದಿದ್ದರೆ ತಗ್ಗಾಗಿರಬೇಕಿತ್ತು. ಉಬ್ಬಿದೆಯೆಂದರೆ ಬಿರುಕು ಬಿಟ್ಟದ್ದು ಅಚ್ಚು. ಮೊದಲ ಕಾಸಿನಲ್ಲಿ ಅದೇ ಬಿರುಕು ಮೊಣಕಾಲಿಗೇ ನಿಂತಿದೆ. ಅಲ್ಲಿಗೆ ಎರಡೂ ಒಂದೇ ಅಚ್ಚಿನವು, ಯಾವುದು ಮೊದಲು ಹೊಡೆದದ್ದು ಎಂಬುದೂ ತಿಳಿಯಿತು. ಇಸವಿ ಹೇಳದ್ದನ್ನು ಬಿರುಕು ಹೇಳಿತು! ಇಸವಿಯದಂತೂ ಬೇರೆಯೇ ತಲೆನೋವು: ಟಿಪ್ಪುವಿನ ಮೌಲೂದಿ ಶಕೆಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. 5121 ಎಂದು ಕಂಡರೆ ಅದು 1215, ನಮ್ಮ ಲೆಕ್ಕದಲ್ಲಿ 1787ರ ಸುಮಾರು.

ಅಮೆರಿಕದವರು ಈ ಅಚ್ಚು ಗುರುತಿಸುವ ಕೆಲಸವನ್ನು ಹುಚ್ಚಿನ ಮಟ್ಟಕ್ಕೆ ಒಯ್ದಿದ್ದಾರೆ. 1793ರಿಂದ 1814ರವರೆಗಿನ ತಾಮ್ರದ ಸೆಂಟುಗಳ ಅಚ್ಚುಜೋಡಿಗಳಿಗೆ ವಿಲಿಯಂ ಶೆಲ್ಡನ್ 1949ರಲ್ಲಿ ನಂಬರು ಕೊಟ್ಟ. ಪಟ್ಟಿ 295ರವರೆಗೆ ಹೋಗುತ್ತದೆ. ಮೊದಲನೆಯದರಲ್ಲಿ ಕೆತ್ತಿದವನು ದೇಶದ ಹೆಸರನ್ನೇ ‘ಅಮೆರಿ.’ ಎಂದು ಮೊಟಕು ಮಾಡಿದ್ದಾನೆ. (ಇದೇ ಶೆಲ್ಡನ್ ನ್ಯೂಯಾರ್ಕಿನ ನಾಣ್ಯ ಸಂಘದ ಸಂಗ್ರಹದಲ್ಲಿ ಒಳ್ಳೆಯವನ್ನು ಎತ್ತಿಕೊಂಡು ಕಳಪೆಯವನ್ನು ಇಟ್ಟದ್ದು ಆಮೇಲೆ ಬಯಲಾಯಿತು. ಕಣ್ಣು ಚುರುಕು, ಕೈ ಇನ್ನೂ ಚುರುಕು.)

ಅವರ ಕೆಲಸ ನಮ್ಮದಕ್ಕಿಂತ ಸುಲಭ. ನಮ್ಮ ಕಾಸುಗಳಲ್ಲಿ ತಾಮ್ರದ ಬಿಲ್ಲೆ ಎಷ್ಟೋ ಸಲ ಅಚ್ಚಿಗಿಂತ ಚಿಕ್ಕದು. ಪೂರ್ತಿ ಆನೆ ಸಿಕ್ಕರೆ ಬರಹ ಅರ್ಧ, ಬರಹ ಸಿಕ್ಕರೆ ಸೊಂಡಿಲಿಲ್ಲ. ಒಂದು ಅಚ್ಚನ್ನು ಪೂರ್ತಿ ಕಾಣಲು ಹಲವು ಕಾಸು ಜೋಡಿಸಬೇಕು.

ನಮ್ಮಲ್ಲಿ ಹೆಂಡರ್ಸನ್ ಇದ್ದಾನೆ: ಹೈದರ್, ಟಿಪ್ಪು ನಾಣ್ಯಗಳ ಮೇಲಿನ ಪುಸ್ತಕ, ಮದ್ರಾಸು, 1921. ಟಂಕಸಾಲೆ, ವರ್ಷ, ಆನೆ ಯಾವ ಕಡೆಗೆ ಮುಖ ಮಾಡಿದೆ ಎಂಬುದು ಗೊತ್ತಾದರೆ ಸಂಗ್ರಹಕಾರರಿಗೆ ಸಾಕು. ನನಗೆ ಸಾಲದು, ಯಾಕೆಂದರೆ—

ಟಿಪ್ಪುವಿನ ಕೆಲವು ಕಾಸುಗಳ ಮೇಲೆ ‘ಖಾಲಿಕಾಬಾದ್’ ಎಂದಿದೆ. ಕ್ಯಾಟಲಾಗುಗಳು ಅದನ್ನು ದಿಂಡಿಗಲ್ ಎನ್ನುತ್ತವೆ. ದಿಂಡಿಗಲ್ ಇಲ್ಲೇ, ಮಗ್ಗುಲಲ್ಲಿ. ಡಬ್ಬಿ ಪೂರ್ತಿ ಸುರಿದು ನೋಡಿದೆ. ದೂರದ ಪಟನ್ ಕಾಸುಗಳಿವೆ, ಮನೆ ಬಾಗಿಲಿನದು ಒಂದೂ ಇಲ್ಲ. ಕಮ್ಮಿ ಹೊಡೆದರೋ, ಕರಗಿಸಿದರೋ? ಇನ್ನೂ ಒಂದು ಸಂದೇಹ: ಅಚ್ಚು ಕೆತ್ತಿದ್ದು ಇಲ್ಲಿಯೋ, ಶ್ರೀರಂಗಪಟ್ಟಣದಲ್ಲಿ ಕೆತ್ತಿ ಕಳಿಸಿದರೋ? ಖಾಲಿಕಾಬಾದಿನ ಆನೆಯೂ ಪಟನ್ನಿನ ಆನೆಯೂ ಒಂದೇ ಅಚ್ಚಿನವು ಎಂದು ಎಲ್ಲಾದರೂ ಹೊಂದಿಕೆಯಾದರೆ ಈ ಗಂಟು ಅರ್ಧ ಬಿಚ್ಚಿದಂತೆ.

ನಿಮ್ಮ ಮನೆಯಲ್ಲಿ ಅಂಥದ್ದೊಂದು ಇದ್ದರೆ ಎರಡೂ ಮಗ್ಗುಲಿನ ಫೋಟೋ ತೆಗೆದು, ತೂಕ ಬರೆದಿಡಿ. ಹುಣಸೆಹಣ್ಣು ಹಾಕಿ ಮಾತ್ರ ತಿಕ್ಕಬೇಡಿ.